ಓಣಿಯ ಮೂಡಲ ಬಾಜು

ನಕ್ಷೆ ತೂಗುಹಾಕಲು ಗೋಡೆಯಲ್ಲಿ ಒಂದು ಮೊಳೆಯೂ ಖಾಲಿ ಇರಲಿಲ್ಲ. ಅಣ್ಣಿಗೇರಿಯ ಆ ಶಾಲೆಯ ಸಭಾಗೃಹದಲ್ಲಿ ಹಿರಿಯರ ಪಟಗಳಿಗೆಲ್ಲ ಒಂದೊಂದು ಮೊಳೆ ಇತ್ತು, ಹೋದ ವರ್ಷದ ಕ್ಯಾಲೆಂಡರಿಗೂ ಒಂದಿತ್ತು. ಹದಿನಾರು ವಿದ್ಯಾರ್ಥಿಗಳು ಮೂರು ತಿಂಗಳು ಅಳೆದು, ಬರೆದು, ಅಳಿಸಿ, ಮತ್ತೆ ಬರೆದ ಎಂಟಡಿ ಅಗಲದ ನಕ್ಷೆಗೆ ಮಾತ್ರ ಜಾಗವಿರಲಿಲ್ಲ. ಕುಬೇರಪ್ಪ ಸಿಟ್ಟಿನಿಂದ ಇಬ್ಬರು ಹುಡುಗರನ್ನು ಬೆಂಚಿನ ಮೇಲೆ ಹತ್ತಿಸಿ, ಎರಡೂ ತುದಿ ಹಿಡಿದುಕೊಂಡು ನಿಲ್ಲಿರೆಂದ. ವೇದಿಕೆಯ ಮೇಲೆ ಆಗಿನ್ನೂ ಮೂರನೆಯ ಹಾರ ಬೀಳುತ್ತಿತ್ತು. ಹಾಕಿಸಿಕೊಳ್ಳಬೇಕಾದವರು ಇನ್ನೂ ನಾಲ್ವರಿದ್ದರು.

"ಕುಬೇರಪ್ಪ, ನಿಮಗ ಅರ್ಧಾ ತಾಸು ಅಂದಿದ್ವಿ. ಹದಿನೈದು ನಿಮಿಷದಾಗ ಮುಗಸ್ರಿ. ಸಾಹೇಬರ ಊಟಕ್ಕ ಹೊತ್ತಾಗ್ತದ," ಎಂದು ಅಣ್ವೇಕರ ಕುರ್ಚಿಯಿಂದಲೇ ಬಗ್ಗಿ ಪಿಸುಗುಟ್ಟಿದರು.

ಅಣ್ವೇಕರ ಹುಬ್ಬಳ್ಳಿಯ ಕಾಲೇಜಿನಲ್ಲಿ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರು, ಕುಬೇರಪ್ಪನ ಮೇಲಧಿಕಾರಿ. ನಗರ ವಿನ್ಯಾಸವನ್ನು ಅವರು ಹದಿನೆಂಟು ವರ್ಷದಿಂದ ಒಂದೇ ನೋಟ್‌ಬುಕ್ಕಿನಿಂದ ಕಲಿಸುತ್ತ ಬಂದವರು. ಅದರ ಹಾಳೆಗಳು ಹಳದಿಯಾಗಿ, ಅಂಚು ಉದುರಿ, ಅವರಿಗೂ ಕೆಲವು ಸಾಲು ಓದಲು ಬರುತ್ತಿರಲಿಲ್ಲ. ರೋಮಿನ ಚೌಕ, ಪ್ಯಾರಿಸ್ಸಿನ ಹೆದ್ದಾರಿ, ಕೊನೆಯ ವಾರ ಚಂಡೀಗಡ, ಅಲ್ಲಿಗೆ ಪಾಠ ಮುಗಿಯಿತು. ಹುಡುಗರು ಪ್ಯಾರಿಸ್ಸನ್ನು ಕಣ್ಣು ಮುಚ್ಚಿ ಬಿಡಿಸುತ್ತಿದ್ದರು. ತಾವು ದಿನಾ ಸೈಕಲ್ಲು ತುಳಿಯುವ ದುರ್ಗದ ಬೈಲನ್ನು ಬಿಡಿಸಿರೆಂದರೆ ಪೆನ್ಸಿಲ್ಲು ಕಚ್ಚುತ್ತ ಕೂರುತ್ತಿದ್ದರು.

ಕುಬೇರಪ್ಪ ದಿಲ್ಲಿಯಲ್ಲಿ ಒಂದು ವರ್ಷ ಕಲಿತು ಬಂದಾಗಿನಿಂದ ಇದೇ ಅವನ ಜಗಳ. ಊರು ಕಟ್ಟುವುದನ್ನು ಕಲಿಯಬೇಕಾದರೆ ಮೊದಲು ಒಂದು ಓಣಿಯಲ್ಲಿ ಹೋಗಿ ಕೂರಬೇಕು, ಅಲ್ಲಿ ಬದುಕುವವರ ಬಾಯಿಂದಲೇ ಓಣಿಯನ್ನು ಕೇಳಬೇಕು, ಅವರು ಹೇಳಿದ್ದನ್ನೇ ನಕ್ಷೆಗೆ ಇಳಿಸಬೇಕು ಎಂದು ಅವನು ವಾದಿಸುತ್ತಿದ್ದ. ಅಣ್ವೇಕರ ಅದಕ್ಕೆ 'ಓಣಿ ತಿರುಗೋ ಪಾಠ' ಎಂದು ಹೆಸರಿಟ್ಟು ಸ್ಟಾಫ್ ರೂಮಿನಲ್ಲಿ ನಗಿಸಿದ್ದರು. ನಾಲ್ಕು ವರ್ಷ ಅರ್ಜಿ ಕೊಟ್ಟು, ಕಾಲು ಸವೆಸಿ, ಕೊನೆಗೆ ಒಂದು ಪ್ರಯೋಗಕ್ಕೆ ಅಪ್ಪಣೆ ಸಿಕ್ಕಿತ್ತು. ಇವತ್ತಿನ ಸಭೆಯಲ್ಲಿ ನಗರ ಯೋಜನೆಯ ಉಪನಿರ್ದೇಶಕರು ಒಪ್ಪಿದರೆ ಬರುವ ಜೂನ್‌ನಿಂದ ಅದು ಪಠ್ಯವಾಗುತ್ತದೆ. ಒಪ್ಪದಿದ್ದರೆ ಮತ್ತೆ ಪ್ಯಾರಿಸ್ಸು.

ಪ್ರಯೋಗಕ್ಕೆ ಅವನು ಆರಿಸಿಕೊಂಡದ್ದು ಅಣ್ಣಿಗೇರಿಯ ಹಿರೇಮನಿ ಓಣಿಯನ್ನು. ಅವನು ಹುಟ್ಟಿದ್ದು ತಿರ್ಲಾಪುರದಲ್ಲಾದರೂ ಹೈಸ್ಕೂಲು ಕಲಿತದ್ದು ಈ ಓಣಿಯಲ್ಲಿ, ಚಿಗವ್ವ ಕಸ್ತೂರೆವ್ವನ ಮನೆಯಲ್ಲಿದ್ದುಕೊಂಡು. ಓಣಿಯ ಪಡುವಲಿಗೆ ಸಾಲು ಮನೆಗಳು, ಪ್ರತಿ ಮನೆಯ ಮುಂದೂ ಕಲ್ಲಿನ ಕಟ್ಟೆ. ಹೆಂಗಸರು ಹತ್ತಿ ಬಿಡಿಸುವುದು, ಗಂಡಸರು ಪೇಪರು ಓದಿಸಿಕೊಳ್ಳುವುದು, ಹೆಣ್ಣು ನೋಡಲು ಬಂದವರನ್ನು ಮೊದಲು ಕೂರಿಸುವುದು ಎಲ್ಲ ಆ ಕಟ್ಟೆಗಳ ಮೇಲೆ. ಮೂಡಲಿನ ಮನೆಗಳ ಮುಂದೆ ಕಟ್ಟೆಗಳಿಲ್ಲ, ಅಗಲವಾದ ಬರಿಯ ನೆಲ. ಇಲಾಖೆಯವರು ಕಚೇರಿಯಲ್ಲಿ ಕೂತು ಪಟ್ಟಿ ಇಟ್ಟು ಗೆರೆ ಎಳೆದಿದ್ದರು: ನೇರ ರಸ್ತೆ, ಪಡುವಲಿಗೆ ಗಟಾರ, ಹತ್ತೊಂಬತ್ತು ಕಟ್ಟೆ ನೆಲಸಮ. ಗಟಾರವನ್ನು ಮೂಡಲಿಗೆ ಸರಿಸಿದರೆ ಒಂದೂ ಕಟ್ಟೆ ಒಡೆಯಬೇಕಿಲ್ಲ ಎಂಬುದು ಕುಬೇರಪ್ಪನ ತಂಡದ ಸಲಹೆ.

ಅದಕ್ಕಿದ್ದ ಒಂದೇ ಅಡ್ಡಿಯೆಂದರೆ ಹಗೇವು. ನೆಲದೊಳಗೆ ಎರಡಾಳೆತ್ತರ ತೋಡಿ, ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಹಾಕಿಬಿಟ್ಟರೆ ನಾಲ್ಕು ವರ್ಷ ಹುಳ ಬೀಳದೆ ಇರುತ್ತಿತ್ತು. ಕುಬೇರಪ್ಪನ ಬಾಲ್ಯದಲ್ಲಿ ಆ ಬರಿಯ ನೆಲದ ತುಂಬ ಅವೇ. ಹಾಗಾಗಿ ವಿದ್ಯಾರ್ಥಿಗಳ ಪ್ರಶ್ನೆಗಳಲ್ಲಿ ಹಗೇವಿನದೂ ಒಂದಿತ್ತು. ಓಣಿಯ ಮೂವತ್ತೆಂಟು ಮನೆಯವರೂ ಒಂದೇ ಉತ್ತರ ಕೊಟ್ಟರು: "ಈಗ ಒಂದೂ ಹಗೇವು ಇಲ್ರಿ. ಎಲ್ಲಾ ಮುಚ್ಚಿ ಭಾಳ ದಿನ ಆತು. ಈಗೆಲ್ಲಾ ಚೀಲದಾಗ ಇಡೂದ್ರಿ."

ತಂಡದಲ್ಲಿದ್ದ ಒಬ್ಬಳೇ ಹುಡುಗಿ ರಜಿಯಾಬೇಗಂ ಆಗಲೇ ಅನುಮಾನ ತೆಗೆದಿದ್ದಳು. "ಸರ್, ಮೂವತ್ತೆಂಟೂ ಮನಿಯವರು ಇದ ಮಾತು ಹೇಳ್ಯಾರ್ರಿ. 'ಭಾಳ ದಿನ ಆತು' ಅನ್ನೂದನ್ನ ಒಬ್ಬರೂ ಬಿಟ್ಟಿಲ್ಲ. ನಮ್ಮ ಮನ್ಯಾಗ ನಾಕು ಮಂದಿಗೆ ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಕೇಳಿದ್ರ ನಾಕು ಜಾಗಾ ಹೇಳ್ತಾರ."

"ಜನಾನ ನಂಬೂದು ಕಲೀರಿ ಮೊದ್ಲ," ಎಂದು ಕುಬೇರಪ್ಪ ಗದರಿದ್ದ. ಅಷ್ಟೇ ಅಲ್ಲ, ಪ್ರಬಂಧದಲ್ಲಿ ಅದಕ್ಕೇ ಒಂದು ಪ್ಯಾರಾ ಮೀಸಲಿಟ್ಟು, 'ಈ ವಿಷಯದಲ್ಲಿ ಓಣಿಯವರಲ್ಲಿ ಕಿಂಚಿತ್ತೂ ಭಿನ್ನಾಭಿಪ್ರಾಯ ಕಂಡುಬರಲಿಲ್ಲ' ಎಂದು ಬರೆದು ಕೆಳಗೆ ಗೆರೆಯನ್ನೂ ಹೊಡೆದಿದ್ದ. ಕಲಿತವರಿಗೂ ಒಮ್ಮೊಮ್ಮೆ ಹೀಗೆ ಮಂಕು ಕವಿಯುತ್ತದೆ.

ಅಂತೂ ಹಾರಗಳು ಮುಗಿದವು. ಸ್ವಾಗತ ಮಾಡಿದವರು ಅಣ್ಣಿಗೇರಿಯ ಇತಿಹಾಸವನ್ನು ಚಾಲುಕ್ಯರಿಂದ ಹಿಡಿದು ಹೇಳಿದರು. ಉಪನಿರ್ದೇಶಕರ ಪಕ್ಕದ ಕುರ್ಚಿಯಲ್ಲಿ, ಕರೆಯದಿದ್ದರೂ ಅದೇ ಜೀಪಿನಲ್ಲಿ ಬಂದಿದ್ದ ಆಹಾರ ಖಾತೆಯ ಸಾಹೇಬರು ಆಕಳಿಸುತ್ತ ಕೂತಿದ್ದರು. ಅವರಿಗೆ ನವಲಗುಂದದ ಕಡೆ ಏನೋ ಕೆಲಸವಿತ್ತಂತೆ, ದಾರಿಯಲ್ಲಿ ಊಟ ಆಗುತ್ತದೆಂದು ಇಳಿದಿದ್ದರು. ಹಿಂದುಗಡೆ ಜಮಖಾನೆಯ ಮೇಲೆ ಓಣಿಯ ಗಂಡಸರು ಹೆಂಗಸರು ಕೂತಿದ್ದರು. ಓಣಿಯವರ ಎದುರೇ ಸಭೆ ಆಗಬೇಕೆಂದು ಹಟ ಹಿಡಿದು ಹುಬ್ಬಳ್ಳಿಯಿಂದ ಇದನ್ನು ಇಲ್ಲಿಗೆ ತಂದವನು ಕುಬೇರಪ್ಪನೇ.

ಅವನು ಮಾತಿಗೆ ನಿಂತ. ಯಾವ ಕಟ್ಟೆಯ ಮೇಲೆ ಯಾವ ಹೊತ್ತಿಗೆ ಎಷ್ಟು ಜನ ಕೂರುತ್ತಾರೆ, ನೆರಳು ಯಾವಾಗ ಎಲ್ಲಿ ಬೀಳುತ್ತದೆ, ನೀರು ಹೊತ್ತ ಹೆಂಗಸರು ಯಾವ ಕಲ್ಲಿನ ಹತ್ತಿರ ಕೊಡ ಇಳಿಸಿ ಉಸಿರು ಬಿಡುತ್ತಾರೆ ಎಂಬುದನ್ನೆಲ್ಲ ನಕ್ಷೆಯ ಮೇಲೆ ಕೋಲಿಟ್ಟು ತೋರಿಸಿದ. ಹೇಗೆ ಕಲಿಸಿದೆ, ಹುಡುಗರು ಎಲ್ಲಿ ಎಡವಿದರು, ಪುಸ್ತಕದಲ್ಲಿ ಇಲ್ಲದ್ದು ಏನೇನು ಸಿಕ್ಕಿತು ಎಂದು ಹೇಳಿದ. ಉಪನಿರ್ದೇಶಕರು ಕುರ್ಚಿ ಮುಂದೆ ಎಳೆದುಕೊಂಡರು. ಅಣ್ವೇಕರ ಗಡಿಯಾರ ನೋಡುವುದನ್ನು ಬಿಟ್ಟರು. ನಾಲ್ಕು ವರ್ಷದ ಮೇಲೆ ಮೊದಲ ಸಲ ಕುಬೇರಪ್ಪನಿಗೆ ತನ್ನ ಮಾತು ಇನ್ನೊಬ್ಬರ ಕಿವಿಗೆ ಹೋಗುತ್ತಿದೆ ಎನಿಸಿತು.

"ಬಹಳ ಚೆನ್ನಾಗಿದೆ ಕಣ್ರೀ," ಎಂದರು ಮೈಸೂರು ಕಡೆಯ ಆ ಉಪನಿರ್ದೇಶಕರು. "ನಾವು ಆಫೀಸಲ್ಲಿ ಕೂತು ಇದನ್ನೆಲ್ಲ ಎಲ್ಲಿ ನೋಡ್ತೀವಿ? ಪೂರ್ವದ ಕಡೆ ಖಾಲಿ ಅಂತ ಜನಾನೇ ಹೇಳಿದಾರೆ ಅಂದ್ಮೇಲೆ ನಮ್ಮದೇನೂ ತಕರಾರಿಲ್ಲ. ಯುಗಾದಿ ಆಗ್ತಿದ್ದ ಹಾಗೇ ಅಗೆಸೋಕೆ ಶುರು ಮಾಡ್ತೀನಿ. ಐದಡಿ ಆಳ, ಈ ತುದಿಯಿಂದ ಆ ತುದಿವರೆಗೆ. ನಿಮ್ಮ ಪಠ್ಯದ ವಿಷಯಾನೂ ಅಷ್ಟೆ, ಸಮಿತೀಲಿ ನಾನೇ ಇದೀನಿ."

ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಹಿಂದಿನಿಂದ ಒಂದೂ ಚಪ್ಪಾಳೆ ಬರಲಿಲ್ಲ. ತಮ್ಮ ಕಟ್ಟೆಗಳು ಉಳಿದವೆಂದು ಓಣಿಯವರು ಕುಣಿಯಬೇಕಿತ್ತು. ಆದರೆ ಹೆಂಗಸರು ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದರು. ಓಣಿಯ ಹಿರಿಯ ಭರಮಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಏನಂತೀರಿ? ನಿಮಗ ಒಪ್ಪಿಗಿ ಐತಿಲ್ಲೊ? ಎದ್ದು ಹೇಳ್ರಿ," ಎಂದು ಕುಬೇರಪ್ಪ ಕೇಳಿದ. ಜನರನ್ನು ಕೇಳುವುದೇ ಅವನ ಪದ್ಧತಿಯಷ್ಟೆ.

ಭರಮಪ್ಪ ಎದ್ದ. ಅವನು ನೋಡಿದ್ದು ಕುಬೇರಪ್ಪನನ್ನಲ್ಲ, ಉಪನಿರ್ದೇಶಕರನ್ನೂ ಅಲ್ಲ. ಅವರ ಪಕ್ಕದಲ್ಲಿ ಆಕಳಿಸುತ್ತಿದ್ದ ಸಾಹೇಬರನ್ನು. "ಸರಕಾರ ಹೆಂಗ ಮಾಡಿದ್ರೂ ಒಪ್ಪಿಗೀನ್ರಿ," ಎಂದು ಕೈ ಮುಗಿದು ಕೂತ.

ಕುಬೇರಪ್ಪನಿಗೆ ಆಗ ಹೊಳೆಯಿತು. ಆಹಾರ ಖಾತೆ ಅಂದರೆ ಲೇವಿ. ಆ ವರ್ಷ ಬೆಳೆದ ಜೋಳದಲ್ಲಿ ಇಂತಿಷ್ಟನ್ನು ಸರಕಾರ ಹೇಳಿದ ದರಕ್ಕೆ ಸರಕಾರಕ್ಕೇ ಕೊಡಬೇಕಿತ್ತು. ಬಚ್ಚಿಟ್ಟದ್ದು ಸಿಕ್ಕರೆ ಜಪ್ತಿ, ಮೇಲೆ ಕೇಸು. ಹುಬ್ಬಳ್ಳಿಯಲ್ಲಿ ರೇಶನ್ ಅಂಗಡಿಯ ಮುಂದೆ ಚೀಲ ಹಿಡಿದು ನಿಲ್ಲುವ ಲೆಕ್ಚರರನಿಗೆ ಅದು ಪೇಪರಿನ ಸುದ್ದಿ ಮಾತ್ರ ಆಗಿತ್ತು.

ಚಹಾಕ್ಕೆಂದು ಸಭೆ ಎದ್ದಿತು. ಅವನು ಸೀದಾ ಪಡಸಾಲೆಗೆ ಹೋದ. ಕಸ್ತೂರೆವ್ವ ಮೂಲೆಯ ಹರವಿಯಿಂದ ನೀರು ತೆಗೆದುಕೊಂಡು ಕುಡಿಯುತ್ತಿದ್ದಳು.

"ಚಿಗವ್ವಾ, ಖರೇ ಹೇಳು. ಮೂಡಲ ಬಾಜೂಕ ಹಗೇವು ಅದಾವಿಲ್ಲೊ?"

ಅವಳು ಚರಿಗೆ ಕೆಳಗಿಟ್ಟು ಬಾಯಿ ಒರೆಸಿಕೊಂಡಳು. "ಅದಾವು."

"ಎಷ್ಟು?"

"ಎಷ್ಟರ ಇರವಲ್ಲವ್ಯಾಕ. ತುಂಬಿ ಅದಾವು."

"ನಿಂದೂ?"

ಅವಳು ಹರವಿಯ ಬಾಯಿ ಮುಚ್ಚಿದಳು.

"ನನಗರ ಒಂದು ಮಾತು ಹೇಳಬಾರದ? ನಿನ್ನ ಕೈಯಾಗ ಉಂಡು ಬೆಳದಾಂವ ನಾ!" ಅವನ ಧ್ವನಿ ಏರಿತು. ಅತ್ತಿತ್ತ ನೋಡಿ ತಗ್ಗಿಸಿದ. "ಮೂರು ತಿಂಗಳು ಈ ಹುಡುಗ್ರು ಬಿಸಲಾಗ ಸತ್ತಾರ. ಹೋಗ್ಲಿ, ಈಗರ ಹೇಳ್ರಿ ಎದ್ದು ನಿಂತು."

"ಆ ಸಾಹೇಬನ ಮುಂದನ?"

"ನಾ ಉಪನಿರ್ದೇಶಕರಿಗೆ ಒಬ್ಬರಿಗೇ ಹೇಳ್ತೀನಿ, ಗುಟ್ಟಿನ್ಯಾಗ."

"ಒಂದ ಜೀಪಿನ್ಯಾಗ ಬಂದಾರ, ಒಂದ ಜೀಪಿನ್ಯಾಗ ಹೋಗ್ತಾರ. ಹಾದಿ ತುಂಬ ಏನು ಭಜನಿ ಮಾಡ್ತಾರೇನು?" ಕಸ್ತೂರೆವ್ವ ಅವನನ್ನು ನೆಟ್ಟಗೆ ನೋಡಿದಳು. "ಉಂಡು ಬೆಳದಾಂವ ಒಬ್ಬನ ಬಂದಿದ್ರ ಹೇಳ್ತಿದ್ದೆ ತಮ್ಮಾ. ಮೊದಲನೇ ದಿನಾನ ನೀ ಸರಕಾರದ ಜೀಪ ತುಂಬಿಸ್ಕೊಂಡು ಬಂದಿ. ಹೇಳಿದ್ದನ್ನ ಹೇಳಿದಂಗ ಬರಕೊಳ್ಳಾಕ ಹುಡುಗ್ರನ್ನ ಹಚ್ಚಿದಿ. ಅವತ್ತ ಸಂಜೀಕ ಭರಮಣ್ಣ ಮನಿ ಮನಿಗೆ ಬಂದು ಹಿಂಗಿಂಗ ಹೇಳಬೇಕು ಅಂತ ಹೇಳಿಕೊಟ್ಟ. ನೀ ಬರದದ್ದು ಯಾರ್‍ಯಾರ ಕೈಗೆ ಹೋಗ್ತೈತಿ, ನಿನಗರ ಗೊತ್ತೈತೇನು?"

ಗೊತ್ತಿರಲಿಲ್ಲ. ಪ್ರಬಂಧದ ಟೈಪು ಮಾಡಿದ ಪ್ರತಿಗಳು ಬೆಳಿಗ್ಗೆಯೇ ವೇದಿಕೆಯ ಮೇಲಿನ ಎಲ್ಲರ ಕೈ ಸೇರಿದ್ದವು, ಆಹಾರ ಖಾತೆಯವರದೂ ಸೇರಿ. ಜೀಪನ್ನು ಕೇಳಿ ತಂದದ್ದು ಅಳತೆಯ ಸಾಮಾನು ಹೊರಲು, ಬರಿಯ ಅಷ್ಟಕ್ಕೇ. ಓಣಿಯವರಿಗೆ ಜೀಪೆಂದರೆ ಜೀಪು, ಅದರಲ್ಲಿ ಪಠ್ಯಕ್ರಮದ ಜೀಪು ಬೇರೆ, ಲೇವಿಯ ಜೀಪು ಬೇರೆ ಎಂದು ಇರುತ್ತದೆಯೆ? ಕುಬೇರಪ್ಪನಿಗೆ ಕೂಗಬೇಕೆನಿಸಿತು. ಚಿಗವ್ವನ ಮೇಲೆ ಕೂಗಬೇಕೋ, ಭರಮಪ್ಪನ ಮೇಲೋ, ಸರಕಾರದ ಮೇಲೋ, ಜನರನ್ನು ನಂಬುವುದು ಕಲಿಯಿರಿ ಎಂದು ಗದರಿದ ತನ್ನ ಮೇಲೋ ತಿಳಿಯದೆ ಪಡಸಾಲೆಯ ಕಂಬಕ್ಕೆ ಕೈ ಗುದ್ದಿದ. ನೋವಾಯಿತು, ಅಷ್ಟೆ.

ಸಭೆ ಮತ್ತೆ ಕೂಡಿತು. ಉಪನಿರ್ದೇಶಕರು ನಡಾವಳಿ ಬರೆಸಲು ಶುರು ಮಾಡಿದ್ದರು. ಇನ್ನು ತಡಮಾಡಿದರೆ ಗಟಾರ ಮೂಡಲಿಗೆಂದು ಕಾಗದದ ಮೇಲೆ ಬಿದ್ದುಹೋಗುತ್ತದೆ. ಕುಬೇರಪ್ಪ ಎದ್ದು ನಿಂತ.

"ಸರ್, ಕ್ಷಮಿಸಬೇಕು. ನಕ್ಷೆಯಲ್ಲಿ ಒಂದು ತಪ್ಪಿದೆ."

"ತಪ್ಪೆ? ಏನದು?"

ಅವನು ನಕ್ಷೆಯ ಹತ್ತಿರ ಹೋದ. ತನ್ನ ಬೆನ್ನಿಗೆ ವೇದಿಕೆಯವರ ಕಣ್ಣೂ ಓಣಿಯವರ ಕಣ್ಣೂ ನಾಟಿದ್ದು ಗೊತ್ತಾಗುತ್ತಿತ್ತು. "ಇಳಿಜಾರಿನ ಲೆಕ್ಕ ತಪ್ಪಾಗಿದೆ. ಮೂಡಲ ಕಡೆ ನೆಲ ತೆಂಕಣಕ್ಕೆ ಇಳಿಯುತ್ತದೆ ಅಂತ ತೋರಿಸಿದ್ದೇವೆ. ಅದು ಹಾಗಿಲ್ಲ. ಗಟಾರ ತೋಡಿದರೆ ನೀರು ಹಿಂದಕ್ಕೆ, ಮನೆಗಳೊಳಗೇ ಬರುತ್ತದೆ. ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ."

ಎರಡನೆಯ ಸಾಲಿನಲ್ಲಿ ರಜಿಯಾ ಎದ್ದುಬಿಟ್ಟಳು. ಇಳಿಜಾರು ಅಳೆದವಳು ಅವಳೇ, ಡಿಸೆಂಬರಿನಲ್ಲಿ ಜ್ವರ ಬಂದಿದ್ದರೂ ಬಿಡದೆ ಎರಡೆರಡು ಸಲ. "ಸರ್, ಲೆವೆಲ್ಲು ಸರಿ ಅದಾವ್ರಿ! ನಾನ..."

"ಅಳದಾಕಿ ಸರಿ ಅಳದಾಳ. ನಕ್ಷಾದಾಗ ಏರಿಸೂ ಮುಂದ ತಪ್ಪಿದಾಂವ ನಾ. ಕೂಡ್ರವಾ," ಎಂದ ಕುಬೇರಪ್ಪ. ಅವಳು ಕೂರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ಅವನು ಎರಡನೆಯ ಸಲ "ಕೂಡ್ರು" ಎಂದಾಗ ಅವಳು ಹಿಂದೆ ತಿರುಗಿ ಓಣಿಯವರ ಮುಖಗಳನ್ನು ಒಮ್ಮೆ ನೋಡಿ, ನಿಧಾನವಾಗಿ ಕೂತಳು.

ಅಣ್ವೇಕರ ಗಂಟಲು ಸರಿಮಾಡಿಕೊಂಡರು. "ಮೊದಲನೇ ವರ್ಷದ ಹುಡುಗ ಈ ತಪ್ಪು ಮಾಡಿದ್ರ ನಾವು ನಪಾಸು ಮಾಡ್ತೀವಿ. ಓಣಿ ತಿರುಗಿದ್ರ ಹಿಂಗ ಆಗ್ತದಂತ ನಾ ಮೊದಲ ಹೇಳಿದ್ದೆ ಸರ್." ಅವರ ಮುಖದಲ್ಲಿ ಸಂತೋಷವನ್ನು ಅಡಗಿಸುವ ಪ್ರಯತ್ನ ಅಷ್ಟೇನೂ ಇರಲಿಲ್ಲ.

ಉಪನಿರ್ದೇಶಕರು ಪೆನ್ನಿಗೆ ಟೋಪಿ ಹಾಕಿದರು. ನಿಜಕ್ಕೂ ಬೇಜಾರಾದವರಂತೆ ಕಂಡರು. "ಇಷ್ಟು ದೊಡ್ಡ ತಪ್ಪು ಇಟ್ಕೊಂಡು ನೀವು ವೇದಿಕೆ ಹತ್ತಬಾರದಿತ್ತು ಕುಬೇರಪ್ಪ. ಸರಿ, ನಮ್ಮ ಹಳೇ ಪ್ಲಾನೇ ಇರಲಿ. ಪಠ್ಯದ ಮಾತು ಸದ್ಯಕ್ಕೆ ಬೇಡ." ಆಹಾರ ಖಾತೆಯ ಸಾಹೇಬರು ಊಟಕ್ಕೆ ಏನು ಮಾಡಿಸಿದ್ದಾರೆಂದು ಪಕ್ಕದವರನ್ನು ಕೇಳಿದರು.

ಕುಬೇರಪ್ಪ ಊಟಕ್ಕೆ ಹೋಗಲಿಲ್ಲ. ಊಟ ಮುಗಿದು, ಎಲೆ ಅಡಿಕೆ ಆಗಿ, ಜೀಪು ಹೋಯಿತು. ಅಣ್ವೇಕರ ಅದರಲ್ಲೇ ಜಾಗ ಮಾಡಿಕೊಂಡು ಹೋದರು. ಹೋಗುವಾಗ ಸೋಮವಾರ ಚೇಂಬರಿಗೆ ಬಂದು ಕಾಣಬೇಕೆಂದು ಹೇಳಿ ಹೋದರು. ವಿದ್ಯಾರ್ಥಿಗಳು ಬಸ್‌ಸ್ಟ್ಯಾಂಡಿಗೆ ಹೊರಟರು. ನಾಲ್ಕು ವರ್ಷ ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾಗಿತ್ತು, ಕಟ್ಟೆಗಳೂ ಹೋದವು. ಹಾಳಾಗಿ ಹೋಗಲಿ, ಈ ಓಣಿಯ ಸಹವಾಸವೇ ಬೇಡ ಎಂದುಕೊಂಡು ನಕ್ಷೆ ಸುತ್ತಿ ಬಗಲಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದ.

ಕೆಳಗೆ ಭರಮಪ್ಪ ನಿಂತಿದ್ದ. ಸ್ವಲ್ಪ ದೂರದಲ್ಲಿ ರಜಿಯಾ, ಬಸ್ಸಿಗೆ ಹೋಗದೆ.

"ಬರ್ರಿ ಮಾಸ್ತರ," ಎಂದ ಭರಮಪ್ಪ.

"ಇನ್ನೇನೈತಿ ಬರೂದು? ನಿಮ್ಮ ಕಟ್ಟಿ ಒಡೀತಾರ. ನಿಂದ ಮೊದಲನೇದು."

"ಒಡೀಲಿ. ಕುಂಡ್ರಾಕ ನೆಲ ಐತಿ." ಭರಮಪ್ಪ ತಿರುಗಿ ನಡೆಯತೊಡಗಿದ. ಎರಡು ಹೆಜ್ಜೆ ಹೋಗಿ ಹುಡುಗಿಯ ಕಡೆಗೂ ತಲೆಯಾಡಿಸಿ, "ಬಾರವಾ, ನೀನೂ," ಎಂದ.

ಇಳಿಬಿಸಿಲು ಓಣಿಯ ಮೂಡಲ ಬಾಜುವಿನ ಮೇಲೆ ಬಿದ್ದಿತ್ತು. ಭರಮಪ್ಪ ಮೂಲೆಯ ಮಾಬುಸಾಬನ ಮನೆಯಿಂದ ಶುರುಮಾಡಿದ. ಗೋಡೆಗೆ ಬೆನ್ನು ಕೊಟ್ಟು ನಿಂತು, ಎಣಿಸುತ್ತ ಏಳು ಹೆಜ್ಜೆ ಮುಂದೆ ಬಂದು ಹಿಮ್ಮಡಿಯಿಂದ ನೆಲ ಗುದ್ದಿದ. ಬರಿಯ ಮಣ್ಣಿನಂತೆ ಕಾಣುತ್ತಿದ್ದ ನೆಲ ಒಳಗಿನಿಂದ ದಿಮ್ಮೆಂದಿತು. "ಇದೊಂದು. ಆಳ ಒಂಬತ್ತು ಮೊಳ. ಇವರಜ್ಜ ತೋಡಿಸಿದ್ದು." ಅಲ್ಲಿಂದ ಓರೆಯಾಗಿ ಹನ್ನೊಂದು ಹೆಜ್ಜೆ. "ಇದು ಎರಡು ಬಾಯೀದು. ಮಳಿಗಾಲದಾಗ ಇದರ ಮಗ್ಗಲಕ ನೀರು ಹರೀತೈತಿ, ಆದ್ರ ಒಂದು ಹನಿ ಒಳಗ ಹೋಗೂದುಲ್ಲ. ಯಾಕ ಹೋಗೂದುಲ್ಲ ಹೇಳ್ಲ್ಯಾ?"

ಅವನು ಹೇಳಿದ. ಮಣ್ಣಿನ ಗುಣ, ನೀರಿನ ದಾರಿ, ಒಂದು ಹಗೇವಿಗೂ ಇನ್ನೊಂದಕ್ಕೂ ಎಷ್ಟು ಅಂತರ ಬಿಡಬೇಕು, ಹೊಸ ಮನೆ ಕಟ್ಟುವವನು ಮೊದಲು ಯಾರನ್ನು ಕೇಳಬೇಕು, ಗಾಡಿ ಎಲ್ಲಿ ತಿರುಗಿಸಬೇಕು, ಎಲ್ಲಿ ತಿರುಗಿಸಬಾರದು. ಇಡೀ ಓಣಿ ಹೀಗೇಕೆ ಬಾಗಿದೆ ಎಂಬುದು ಕುಬೇರಪ್ಪನಿಗೆ ಆಗ ತಿಳಿಯಿತು. ದಿಲ್ಲಿಯ ಯಾವ ಪುಸ್ತಕದಲ್ಲೂ ಇಲ್ಲದ, ಅವನು ಮೂರು ತಿಂಗಳು ಹುಡುಕಿ ಸಿಗದೆ ಹೋದ ಊರು ಒಂದೊಂದೇ ಹೆಜ್ಜೆಗೆ ಬಿಚ್ಚಿಕೊಳ್ಳುತ್ತಿತ್ತು. ಕೈ ತಾನಾಗಿಯೇ ಅಂಗಿಯ ಕಿಸೆಗೆ ಹೋಯಿತು.

"ಬರಕೋಬ್ಯಾಡ್ರಿ," ಎಂದ ಭರಮಪ್ಪ, ತಿರುಗದೆಯೇ.

ಕುಬೇರಪ್ಪ ಕೈ ಹೊರಗೆ ತೆಗೆದ. ರಜಿಯಾ ಹಿಂದಿನಿಂದ ತುಟಿಯಲ್ಲೇ ಹೆಜ್ಜೆ ಎಣಿಸಿಕೊಳ್ಳುತ್ತ ಬರುತ್ತಿದ್ದಳು.

ಹತ್ತನೆಯದು, ಹನ್ನೊಂದನೆಯದು ಆಯಿತು. ಓಣಿಯ ಕೊನೆಯಲ್ಲಿ ತನ್ನ ಮನೆಯ ಮುಂದೆ ಕಸ್ತೂರೆವ್ವ ಮೊರ ಹಿಡಿದು ನಿಂತಿದ್ದಳು. ಭರಮಪ್ಪ ಅವಳೆದುರು ಬಂದು ನಿಂತು ಅವಳ ಮುಖ ನೋಡಿದ. ಅವಳು ಕುಬೇರಪ್ಪನನ್ನೂ ಅವನ ಖಾಲಿ ಕೈಯನ್ನೂ ನೋಡಿದಳು. ಆಮೇಲೆ ತಾನು ನಿಂತಿದ್ದ ಜಾಗದಿಂದ, ಹನ್ನೆರಡನೆಯದರ ಬಾಯಿಯ ಮೇಲಿಂದ, ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.